ಸಣ್ಣ ದನಿಯ ಒಡಕು: ಭಜನಿ ಮಂಡಳಿಯ ಆಂಪ್ಲಿಫೈಯರ್ ರಿಪೇರಿ

ಕಲಬುರಗಿಯ ಒಂದು ಭಜನಿ ಮಂಡಳಿಯ ಆಂಪ್ಲಿಫೈಯರ್ ಇದು. ಇಲ್ಲೇ ಯಾರೋ ಜೋಡಿಸಿದ ಡಬ್ಬಿ, ಕಂಪನಿ ಹೆಸರಿಲ್ಲ. ಮುಂದಿನ ತಗಡಿನ ಮೇಲೆ ದೊಡ್ಡ ಅಕ್ಷರದಲ್ಲಿ ‘160 ವ್ಯಾಟ್’ ಎಂದಿದೆ. ಒಳಗೆ 18-0-18 ವೋಲ್ಟ್ ಟ್ರಾನ್ಸ್‌ಫಾರ್ಮರ್, 4700 ಮೈಕ್ರೊಫ್ಯಾರಡ್‌ನ ಎರಡು ಕೆಪಾಸಿಟರ್, ಹಿಂದಿನ ಹೀಟ್‌ಸಿಂಕ್ ಮೇಲೆ 2ಎನ್3055 ಮತ್ತು ಎಂಜೆ2955 ಔಟ್‌ಪುಟ್ ಟ್ರಾನ್ಸಿಸ್ಟರ್ ಜೋಡಿ, ಅವನ್ನು ನಡೆಸಲು ಡ್ರೈವರ್‌ಗಳಾಗಿ ಬಿಡಿ139, ಬಿಡಿ140. ಔಟ್‌ಪುಟ್‌ಗಳ ಎಮಿಟರ್‌ಗಳಲ್ಲಿ (ಟ್ರಾನ್ಸಿಸ್ಟರ್‌ನ ಮೂರು ಕಾಲುಗಳಲ್ಲಿ ಒಂದು; ಉಳಿದವು ಬೇಸ್, ಕಲೆಕ್ಟರ್) 0.33 ಓಮ್‌ನ ಬಿಳಿ ಸಿಮೆಂಟ್ ರೆಸಿಸ್ಟರ್. ಲೋಡ್ ಅಂದರೆ 16 ಓಮ್‌ನ ಎರಡು ಕಾಲಂ ಸ್ಪೀಕರ್, ಪ್ಯಾರಲಲ್‌ನಲ್ಲಿ 8 ಓಮ್.

ಹೊತ್ತು ತಂದವರು ಮಂಡಳಿಯ ಪೇಟಿ (ಹಾರ್ಮೋನಿಯಂ) ಮಾಸ್ತರರು, ನಮಗೆಲ್ಲ ಕಾಕಾ.

“ತಮ್ಮಾ, ಜೋರ್ ಹಚ್ಚಿದ್ರ ಏನೂ ತಕರಾರಿಲ್ಲ. ಸಣ್ಣ ಮಾಡಿ ಏಕತಾರಿ ಒಂದೇ ನುಡಿಸಿದ್ರ ಅದರ ಹಿಂದ ಯಾರೋ ಉಸುಕು ತುಳದಂಗ ಕೇಳಸ್ತದ. ಸ್ಪೀಕರ್ ಬದಲಿ ಮಾಡ್ರಿ ಅಂದ್ರು, ಮಾಡಿದ್ವಿ. ಮೈಕ್ ಬದಲಿ ಮಾಡಿದ್ವಿ. ಅದು ಇನ್ನಾ ಹಂಗೇ ಅದ.”

ಈ ತಕರಾರಿನಲ್ಲೇ ಅರ್ಧ ಉತ್ತರ ಇದೆ. ಜೋರಾದಾಗ ಒಡೆದರೆ ಪವರ್ ಸಪ್ಲೈ ಸಾಲುತ್ತಿಲ್ಲ, ಇಲ್ಲವೇ ಸ್ಪೀಕರ್ ಕಾಯಿಲ್ ಎಲ್ಲೋ ಉಜ್ಜುತ್ತಿದೆ. ಸಣ್ಣಗಿದ್ದಾಗ ಮಾತ್ರ ಒಡೆದರೆ ಔಟ್‌ಪುಟ್ ಟ್ರಾನ್ಸಿಸ್ಟರ್‌ಗಳ ಬಯಸ್, ಅಂದರೆ ಸಿಗ್ನಲ್ ಇಲ್ಲದಾಗಲೂ ಅವು ಎಚ್ಚರವಿರಲೆಂದು ಕೊಡುವ ಸಣ್ಣ ವೋಲ್ಟೇಜ್, ನೋಡಬೇಕು. ಆದರೂ ಕಿವಿಯ ಸಾಕ್ಷಿ ನಂಬಿ ನೇರವಾಗಿ ಬೆಸುಗೆ ಹಾಕಲು ಕೂತುಕೊಳ್ಳುವುದು ನನಗೆ ಸರಿಬರುವುದಿಲ್ಲ. ಇವತ್ತು ಕೇಳಿದ್ದು ನಾಳೆ ಕಿವಿಗೆ ನೆನಪಿರುವುದಿಲ್ಲ. ರಿಪೇರಿಗೆ ಮೊದಲು ಎಷ್ಟಿತ್ತು, ಆಮೇಲೆ ಎಷ್ಟಾಯಿತು ಅನ್ನುವುದು ಅಂಕಿಯಲ್ಲಿ ಬೇಕು.

ಮೊದಲು ಹಳೆಯ ಸ್ಕೋಪ್‌ಗೆ, ಅಂದರೆ ಅಲೆಯ ಆಕಾರವನ್ನು ಪರದೆ ಮೇಲೆ ತೋರಿಸುವ ಆಸಿಲೋಸ್ಕೋಪ್‌ಗೆ, ಹಚ್ಚಿದೆ. 10 ವ್ಯಾಟ್‌ನಲ್ಲಿ 1000 ಹರ್ಟ್ಸ್ ಸೈನ್ ಅಲೆ ನೋಡಲು ಚೊಕ್ಕ. ಇಲ್ಲಿಯೇ ಬಹಳ ಮಂದಿ ‘ಆಂಪ್ ಚಲೋ ಅದ’ ಎಂದು ಮುಚ್ಚಳ ಹಾಕಿಬಿಡುತ್ತಾರೆ. ಸ್ಕೋಪ್ ಪರದೆಯ ಮೇಲೆ ಶೇ. 1ಕ್ಕಿಂತ ಕಡಿಮೆ ಡಿಸ್ಟಾರ್ಷನ್ (ಅಲೆಯ ಸೊಟ್ಟತನ) ಕಣ್ಣಿಗೆ ಕಾಣುವುದು ಕಷ್ಟ. ಡಿಜಿಟಲ್ ಸ್ಕೋಪ್ ಆದರೂ ಅಷ್ಟೇ: 8 ಬಿಟ್ ಅಂದರೆ ಇಡೀ ಅಲೆಗೆ 256 ಮೆಟ್ಟಿಲು, ಅದಕ್ಕಿಂತ ಸಣ್ಣ ಸೊಟ್ಟ ಆ ಮೆಟ್ಟಿಲುಗಳ ನಡುವೆಯೇ ಮುಚ್ಚಿಹೋಗುತ್ತದೆ. ವಾಲ್ಯೂಮ್ ಬಹಳ ಇಳಿಸಿ, ಸ್ಕೋಪ್ ರೇಂಜ್ ಹಿಗ್ಗಿಸಿದಾಗ ಮಾತ್ರ ಅಲೆ ಸೊನ್ನೆಗೆರೆ ದಾಟುವಲ್ಲಿ ಒಂದು ಸಣ್ಣ ಮೆಟ್ಟು ಕಂಡಿತು.

ಅಳೆಯುವ ಸಾಮಾನು ದುಬಾರಿಯೇನಲ್ಲ. ಲೈನ್ ಇನ್‌ಪುಟ್ ಇರುವ ಒಂದು ಯುಎಸ್‌ಬಿ ಸೌಂಡ್ ಕಾರ್ಡ್, ಲ್ಯಾಪ್‌ಟಾಪ್, ಅದರಲ್ಲಿ ಪುಕ್ಕಟೆ ಸಿಗುವ ರೂಮ್ ಇಕ್ಯೂ ವಿಝಾರ್ಡ್ ಎಂಬ ಅಳತೆಯ ಸಾಫ್ಟ್‌ವೇರ್. ಮೈಕ್ ಇನ್‌ಪುಟ್ ಕೆಲಸಕ್ಕೆ ಬರುವುದಿಲ್ಲ. ಅದು ಹೆಚ್ಚಾಗಿ ಒಂದೇ ಚಾನೆಲ್, ಮೇಲೆ ಮೈಕ್‌ಗೆ ಕೊಡುವ ಡಿಸಿ ವೋಲ್ಟೇಜ್ ಬೇರೆ ಅದರಲ್ಲಿ ಕೂತಿರುತ್ತದೆ. ಸ್ಪೀಕರ್ ಬದಲು ಡಮ್ಮಿ ಲೋಡ್: 33 ಓಮ್, 10 ವ್ಯಾಟ್‌ನ ನಾಲ್ಕು ಸಿಮೆಂಟ್ ರೆಸಿಸ್ಟರ್ ಪ್ಯಾರಲಲ್ ಮಾಡಿದರೆ 8.25 ಓಮ್, 40 ವ್ಯಾಟ್ ತಡೆಯುತ್ತದೆ. ಶಹಾಬಾದ್ ಕಲ್ಲಿನ ಒಂದು ತುಂಡಿನ ಮೇಲೆ ಕೂಡಿಸಿದ್ದೇನೆ. ಹತ್ತು ನಿಮಿಷ ಓಡಿದರೆ ಕೈ ಸುಡುವಷ್ಟು ಕಾಯುತ್ತವೆ, ಮೇಜಿನ ಸನ್‌ಮೈಕಾ ಉಳಿಯುವುದಿಲ್ಲ.

ಆಂಪ್‌ನಿಂದ 12 ವೋಲ್ಟ್ ಬರುತ್ತದೆ, ಸೌಂಡ್ ಕಾರ್ಡ್ ತಡೆಯುವುದು ಸುಮಾರು 1 ವೋಲ್ಟ್. ನಡುವೆ 22ಕೆ (ಕಿಲೋಓಮ್) ಮತ್ತು 2.2ಕೆ ಮೆಟಲ್ ಫಿಲ್ಮ್ ರೆಸಿಸ್ಟರ್‌ಗಳ ಡಿವೈಡರ್, ಅಂದರೆ ಹನ್ನೊಂದರಲ್ಲಿ ಒಂದು ಪಾಲು. ಕಾರ್ಡ್ ಉಳಿಯಲಿ ಎಂದು ಇನ್‌ಪುಟ್‌ಗೆ ಅಡ್ಡ 1ಎನ್4148 ಡಯೋಡ್ ಎರಡು ಉಲ್ಟಾ-ಸುಲ್ಟಾ ಹಾಕುವುದು ಹಲವರ ರೂಢಿ. ಅವು ಅರ್ಧ ವೋಲ್ಟ್‌ಗೇ ಕರೆಂಟ್ ಎಳೆಯಲು ಶುರುಮಾಡಿ ತಾವೇ ಡಿಸ್ಟಾರ್ಷನ್ ಹುಟ್ಟಿಸುತ್ತವೆ, ನೀವು ಡಯೋಡನ್ನೇ ಅಳೆಯುತ್ತ ಕೂಡುತ್ತೀರಿ. 4.7 ವೋಲ್ಟ್‌ನ ಎರಡು ಝೀನರ್ ಬೆನ್ನಿಗೆ ಬೆನ್ನು ಹಾಕಿದರೆ ಆ ಕಾಟ ಇಲ್ಲ.

ಇನ್ನೊಂದು ಮಾತು. ಬ್ರಿಜ್ ಮಾಡಿದ ಆಂಪ್ ಇದ್ದರೆ, ಅಂದರೆ ಕಾರ್ ಸೆಟ್‌ಗಳಲ್ಲಿ, ಎಲ್‌ಎ4440 ಬೋರ್ಡ್‌ಗಳಲ್ಲಿ ಬರುವಂಥವು, ಸ್ಪೀಕರ್‌ನ ಎರಡೂ ತುದಿ ಜೀವಂತ. ಅದರ ಒಂದು ತುದಿಗೆ ಸೌಂಡ್ ಕಾರ್ಡ್ ಅಥವಾ ಸ್ಕೋಪ್‌ನ ಗ್ರೌಂಡ್ ಕಚ್ಚಿಸಿದರೆ ಐಸಿ ಸುಡುತ್ತದೆ.

ಆಂಪ್ ಹಚ್ಚುವ ಮೊದಲು ಕಾರ್ಡ್‌ನ ಔಟ್‌ಪುಟ್ ಅದರದೇ ಇನ್‌ಪುಟ್‌ಗೆ ಕೊಟ್ಟು ನೋಡಿದೆ: ಶೇ. 0.005 ಡಿಸ್ಟಾರ್ಷನ್. ಇದು ನನ್ನ ಅಳತೆಗೋಲಿನ ಸ್ವಂತ ದೋಷ. ಇದಕ್ಕಿಂತ ಚೊಕ್ಕ ಆಂಪ್ ಬಂದರೆ ಈ ಸಾಮಾನಿನಿಂದ ಅಳೆಯಲಾಗದು. ಲ್ಯಾಪ್‌ಟಾಪ್ ಚಾರ್ಜರ್ ಹಚ್ಚಿದ್ದಾಗ 50, 100, 150 ಹರ್ಟ್ಸ್‌ನಲ್ಲಿ ಗುಂಯ್ ಎಂದು ಗೆರೆಗಳು ಎದ್ದಿದ್ದವು, ಚಾರ್ಜರ್ ಕಿತ್ತು ಬ್ಯಾಟರಿ ಮೇಲೆ ಓಡಿಸಿದ ಕೂಡಲೇ ಕುಸಿದವು. ಟೆಸ್ಟ್ ಟೋನ್ 1000 ಹರ್ಟ್ಸ್ ಬದಲು 1000.488 ಇಟ್ಟಿದ್ದೇನೆ. 48,000 ಸ್ಯಾಂಪ್ಲಿಂಗ್‌ನಲ್ಲಿ 65,536 ಬಿಂದುಗಳ ಎಫ್‌ಎಫ್‌ಟಿ (ಅಲೆಯನ್ನು ಅದರೊಳಗಿನ ಕಂಪನಗಳಾಗಿ ಬಿಡಿಸುವ ಲೆಕ್ಕ) ತೆಗೆದರೆ ಒಂದೊಂದು ಖಾನೆ 0.7324 ಹರ್ಟ್ಸ್ ಅಗಲ; 1366ನೇ ಖಾನೆಯ ನಟ್ಟನಡುವೆ ಟೋನ್ ಬಿದ್ದರೆ ಆಚೀಚೆ ಸೋರುವುದಿಲ್ಲ, ಹಾರ್ಮೋನಿಕ್ ಗೆರೆಗಳು, ಅಂದರೆ ಟೋನ್‌ನ ಎರಡು, ಮೂರು ಪಟ್ಟಿನ ಕಂಪನಗಳು, ಸೂಜಿಯಂತೆ ನಿಲ್ಲುತ್ತವೆ.

ಈಗ ಆಂಪ್. 10 ವ್ಯಾಟ್‌ನಲ್ಲಿ ಟಿಎಚ್‌ಡಿ, ಅಂದರೆ ಎಲ್ಲ ಹಾರ್ಮೋನಿಕ್‌ಗಳ ಒಟ್ಟು ಡಿಸ್ಟಾರ್ಷನ್, ಶೇ. 0.6. ಭಜನಿಗೆ ಇದು ನಡೆಯುತ್ತದೆ, ಮಂಡಳಿಯವರಿಗೆ ಗೊತ್ತೂ ಆಗುವುದಿಲ್ಲ. 1 ವ್ಯಾಟ್‌ಗೆ ಇಳಿಸಿದೆ: ಶೇ. 1.8. 0.1 ವ್ಯಾಟ್‌ಗೆ ಇಳಿಸಿ, ಡಿವೈಡರ್ ತೆಗೆದು, ವಾಲ್ಯೂಮ್‌ಗೆ ಮತ್ತೆ ಕೈತಾಕದಂತೆ ಎಚ್ಚರ ವಹಿಸಿ ಅಳೆದೆ: ಶೇ. 5.

ದನಿ ಇಳಿದಂತೆ ಡಿಸ್ಟಾರ್ಷನ್ ಏರುತ್ತಿದೆ. ಡಬ್ಬಿಯ ಮೇಲಿನ ಅಥವಾ ಜಾಹೀರಾತಿನ ಅಂಕಿಗಳನ್ನು ನಾನು ನಂಬದಿರಲು ಕಾರಣ ಇದೇ. ಅವರು ಕೊಡುವುದು ಪೂರ್ತಿ ಪವರ್ ಹತ್ತಿರದ ಒಂದು ಅಂಕಿ. ಮನೆಯಲ್ಲಾಗಲಿ ಗುಡಿಯಲ್ಲಾಗಲಿ ಆಂಪ್ ಬಹುಪಾಲು ಹೊತ್ತು ಕೆಲಸ ಮಾಡುವುದು 1 ವ್ಯಾಟ್ ಆಸುಪಾಸಿನಲ್ಲಿ, ಎಷ್ಟೋ ಸಲ ಅದಕ್ಕೂ ಕೆಳಗೆ. ಏಕತಾರಿಯನ್ನೇ ತಗೊಳ್ಳಿ: ಮೀಟಿದ ಕ್ಷಣ ನಾದ ದೊಡ್ಡದು, ಆಮೇಲೆ ಆರುತ್ತ ಹೋಗುತ್ತದೆ. ಆರಿದಷ್ಟೂ ಈ ಆಂಪ್ ಸೇರಿಸುವ ಕಸದ ಪಾಲು ಹೆಚ್ಚು. ಕಾಕಾ ಕೇಳಿಸಿಕೊಂಡದ್ದು ಅದನ್ನೇ.

ಅಂಕಿಗಿಂತ ಸ್ಪೆಕ್ಟ್ರಮ್ ಹೆಚ್ಚು ಹೇಳಿತು. 1 ವ್ಯಾಟ್‌ನಲ್ಲಿ ಮೂಲ ಸ್ವರಕ್ಕೆ ಹೋಲಿಸಿದರೆ ಮೂರನೆಯ ಹಾರ್ಮೋನಿಕ್ 38 ಡಿಬಿ (ಡೆಸಿಬೆಲ್; 20 ಡಿಬಿ ಇಳಿದರೆ ಹತ್ತರಲ್ಲೊಂದು) ಕೆಳಗೆ, ಐದನೆಯದು 41, ಏಳನೆಯದು 44, ಒಂಬತ್ತನೆಯದು 47, ಹನ್ನೊಂದನೆಯದು 49. ಬೆಸ ಸಂಖ್ಯೆಯವೇ ಎಲ್ಲ, ಇಳಿಜಾರೂ ಬಹಳ ನಿಧಾನ. ಅಲೆಯ ಮೇಲರ್ಧ ಒಂದು ಥರ, ಕೆಳಗಿನರ್ಧ ಇನ್ನೊಂದು ಥರ ಸೊಟ್ಟಾದರೆ ಎರಡು, ನಾಲ್ಕು ಬರುತ್ತವೆ. ಎರಡೂ ಅರ್ಧ ಒಂದೇ ಥರ ಸೊಟ್ಟಾದರೆ ಬೆಸದವು. ಸೊಟ್ಟು ಎಷ್ಟು ಚೂಪಾಗಿರುತ್ತದೋ ಸಾಲು ಅಷ್ಟು ದೂರ ಹೋಗುತ್ತದೆ.

ಟಿಎಚ್‌ಡಿ ಅಂದರೆ ಈ ಎಲ್ಲ ಗೆರೆಗಳ ವರ್ಗಗಳನ್ನು ಕೂಡಿಸಿ, ವರ್ಗಮೂಲ ತೆಗೆದು, ಮೂಲ ಸ್ವರದಿಂದ ಭಾಗಿಸಿದ್ದು. ಎರಡನೆಯದಕ್ಕೂ ಹನ್ನೊಂದನೆಯದಕ್ಕೂ ಅದರ ಲೆಕ್ಕದಲ್ಲಿ ಒಂದೇ ಬೆಲೆ. ಕಿವಿಯ ಲೆಕ್ಕ ಹಾಗಿಲ್ಲ. ಕಾಕಾ ಸಂಜೆ ಬಂದಾಗ ಇದನ್ನು ಪೇಟಿಯ ಮೇಲೇ ತೋರಿಸಿದೆ.

“ಕಾಕಾ, ಸಾ ಹಿಡೀರಿ. ಅದರ ಎರಡರಷ್ಟು ಕಂಪನ ಅಂದ್ರ?”

“ತಾರ ಸಾ.”

“ಮೂರರಷ್ಟು?”

ಒಂದು ಗಳಿಗೆ ಯೋಚಿಸಿ ಮೇಲಿನ ಪಂಚಮ ಒತ್ತಿದರು. ಐದರಷ್ಟು ಅದರ ಮೇಲಿನ ಸಪ್ತಕದ ಗಾಂಧಾರ. ಏಳರಷ್ಟು ಹುಡುಕಲು ಹೇಳಿದಾಗ ಬೆರಳು ಕೋಮಲ ನಿಷಾದದ ಮೇಲೆ ನಿಂತಿತು, ಆದರೆ ಅದು ಸರಿಹೋಗುವುದಿಲ್ಲ; ಏಳನೆಯದು ಕೋಮಲ ನಿಷಾದಕ್ಕಿಂತ ಒಂದಿಷ್ಟು ಕೆಳಗೆ ಬೀಳುತ್ತದೆ. ಹನ್ನೊಂದನೆಯದು ಶುದ್ಧ ಮಧ್ಯಮಕ್ಕೂ ತೀವ್ರ ಮಧ್ಯಮಕ್ಕೂ ಸರಿಸುಮಾರು ನಡುವೆ. ಪೇಟಿಯಲ್ಲಿ ಆ ಮನೆಯೇ ಇಲ್ಲ.

“ಅಂದ್ರ ಈ ಡಬ್ಬಿ ನಮ್ಮ ಸಾ ಹಿಂದ ಬೇಸೂರ ಹಾಡ್ಲಕತ್ತದ?”

ಹೌದು, ಅಷ್ಟೇ. ಎರಡು, ಮೂರನೆಯವು ಸ್ವರದೊಳಗೇ ಕರಗುತ್ತವೆ, ಮೂಲ ಸ್ವರಕ್ಕೆ ಹತ್ತಿರ ಇರುವುದರಿಂದ ಅದರ ನೆರಳಲ್ಲೇ ಮುಚ್ಚಿಯೂ ಹೋಗುತ್ತವೆ. ‘ಸ್ಪೀಕರೇ ಶೇ. 1ರಷ್ಟು ಡಿಸ್ಟಾರ್ಷನ್ ಕೊಡುವಾಗ ಆಂಪ್‌ನ ಚಿಂತೆ ಯಾಕೆ’ ಎಂದು ಕೇಳುವವರಿದ್ದಾರೆ. ಸ್ಪೀಕರ್ ಹೆಚ್ಚಾಗಿ ಕೊಡುವುದು ಎರಡು, ಮೂರನೆಯದು. ಈ ಆಂಪ್ ಕೊಡುತ್ತಿದ್ದದ್ದು ಏಳು, ಒಂಬತ್ತು, ಹನ್ನೊಂದು. ಶೇಕಡಾ ಒಂದೇ ಆದರೂ ಕಿವಿಗೆ ಎರಡೂ ಒಂದೇ ಅಲ್ಲ.

ಮುಚ್ಚಳ ಬಿಚ್ಚುವ ಮೊದಲು ಉಳಿಕೆ ಅಲೆಯನ್ನು ಕಣ್ಣಿಂದ ನೋಡುವ ಆಸೆ. ಔಟ್‌ಪುಟ್‌ನಿಂದ ಮೂಲ ಸ್ವರ ಒಂದನ್ನೇ ತೆಗೆದುಬಿಟ್ಟರೆ ಉಳಿಯುವುದು ಬರೀ ಡಿಸ್ಟಾರ್ಷನ್ ಮತ್ತು ನಾಯ್ಸ್. ಹಳೆಯ ಡಿಸ್ಟಾರ್ಷನ್ ಮೀಟರ್‌ಗಳೆಲ್ಲ ಮಾಡುತ್ತಿದ್ದದ್ದು ಇದನ್ನೇ. ಒಂದೇ ಕಂಪನವನ್ನು ನುಂಗುವ ಟ್ವಿನ್-ಟಿ ನಾಚ್ ಫಿಲ್ಟರ್ ಸಾಕು: 15.9ಕೆ ಮತ್ತು 10 ನ್ಯಾನೊಫ್ಯಾರಡ್, ನಡುವಿನ ಕಾಲುಗಳಿಗೆ ಅವೇ ಬೆಲೆಯವನ್ನು ಎರಡೆರಡು ಪ್ಯಾರಲಲ್ ಮಾಡಿದರೆ ಅರ್ಧ ರೆಸಿಸ್ಟೆನ್ಸ್, ಇಮ್ಮಡಿ ಕೆಪಾಸಿಟೆನ್ಸ್ ತಾನಾಗಿ ಸಿಗುತ್ತದೆ. ಕೆಪಾಸಿಟರ್ ಪಾಲಿಯೆಸ್ಟರ್ ಇರಲಿ; ಅಗ್ಗದ ಸಿರಾಮಿಕ್ ಹಾಕಿದರೆ ಅದರ ಕೆಪಾಸಿಟೆನ್ಸ್ ವೋಲ್ಟೇಜ್ ಜೊತೆ ಕುಣಿಯುತ್ತದೆ, ಫಿಲ್ಟರೇ ಡಿಸ್ಟಾರ್ಷನ್ ಮಾಡುತ್ತದೆ. ಬರೀ ರೆಸಿಸ್ಟರ್-ಕೆಪಾಸಿಟರ್‌ನ ಟ್ವಿನ್-ಟಿಗೆ ಒಂದು ಐಬು ಇದೆ: ಕಣಿವೆ ಬಹಳ ಅಗಲ. 1000 ಹರ್ಟ್ಸ್ ನುಂಗುವಾಗ 2000ವನ್ನೂ 9 ಡಿಬಿ, 3000ವನ್ನು 5 ಡಿಬಿ ಇಳಿಸಿಬಿಡುತ್ತದೆ, ಅಂದರೆ ಆಂಪ್ ಇರುವುದಕ್ಕಿಂತ ಒಳ್ಳೆಯದಾಗಿ ಕಾಣುತ್ತದೆ. ಹಿಂದೆ ಎನ್‌ಇ5532 ಆಪ್-ಆಂಪ್ ಕೂಡಿಸಿ, ಔಟ್‌ಪುಟ್‌ನ ಒಂದು ಪಾಲನ್ನು ನಡುವಿನ ಕಾಲುಗಳಿಗೆ ವಾಪಸ್ ಕೊಟ್ಟರೆ ಕಣಿವೆ ಇಕ್ಕಟ್ಟಾಗುತ್ತದೆ. ಪ್ರೀಸೆಟ್ (ಸ್ಕ್ರೂಡ್ರೈವರ್‌ನಿಂದ ತಿರುಗಿಸುವ ರೆಸಿಸ್ಟರ್) ತಿರುಗಿಸುತ್ತ ತಿರುಗಿಸುತ್ತ ಮೂಲ ಸ್ವರ ಕುಸಿಯುವುದನ್ನು ನೋಡುತ್ತಿರಬೇಕು, ಉಸಿರು ಬಿಟ್ಟರೂ ಜಾರುವಷ್ಟು ನಾಜೂಕು.

ಸ್ಕೋಪ್‌ನ ಒಂದು ಚಾನೆಲ್‌ಗೆ ಆಂಪ್‌ನ ಸೈನ್ ಅಲೆ, ಇನ್ನೊಂದಕ್ಕೆ ಈ ಉಳಿಕೆ. ಸೈನ್ ಅಲೆ ಸೊನ್ನೆ ದಾಟುವ ಪ್ರತಿ ಸಲವೂ ಕೆಳಗಿನ ಗೆರೆಯಲ್ಲಿ ಮುಳ್ಳು. ಮೇಲೇರುವಾಗ ಒಂದು ದಿಕ್ಕಿಗೆ, ಇಳಿಯುವಾಗ ಇನ್ನೊಂದು ದಿಕ್ಕಿಗೆ. ಮುಳ್ಳುಗಳ ನಡುವೆ ಗೆರೆ ಹೆಚ್ಚುಕಡಿಮೆ ಚಪ್ಪಟೆ. ಇದಕ್ಕಿಂತ ಸ್ಪಷ್ಟ ರೋಗಲಕ್ಷಣ ಬೇಕಿಲ್ಲ. ಕ್ರಾಸ್‌ಓವರ್ ಡಿಸ್ಟಾರ್ಷನ್. ಮೇಲಿನ ಟ್ರಾನ್ಸಿಸ್ಟರ್ ಕೈಬಿಟ್ಟ ಮೇಲೆ ಕೆಳಗಿನದು ಹಿಡಿಯುವವರೆಗೆ ನಡುವೆ ಯಾರೂ ಇಲ್ಲ.

ಮುಚ್ಚಳ ಬಿಚ್ಚಿ ಎರಡು ಡ್ರೈವರ್‌ಗಳ ಬೇಸ್ ನಡುವೆ ಮೀಟರ್ ಹಿಡಿದೆ. ಸುಮಾರು 2.4 ವೋಲ್ಟ್ ಇರಬೇಕು, ಡ್ರೈವರ್ ಎರಡು ಔಟ್‌ಪುಟ್ ಎರಡು, ಒಟ್ಟು ನಾಲ್ಕು ಜಂಕ್ಷನ್‌ಗೆ ತಲಾ 0.6ರಂತೆ. ಮೀಟರ್ ತೋರಿಸಿದ್ದು 0.00. ಬೋರ್ಡ್ ತಿರುಗಿಸಿ ನೋಡಿದರೆ, ಈ ವೋಲ್ಟೇಜ್ ಹಿಡಿದಿಡುವ ಬಯಸ್ ಟ್ರಾನ್ಸಿಸ್ಟರ್‌ನ ಕಲೆಕ್ಟರ್‌ನಿಂದ ಎಮಿಟರ್‌ಗೆ ನೀಟಾಗಿ ಒಂದು ತಂತಿ ಬೆಸೆದಿದ್ದಾರೆ, ಮೇಲೆ ಹಳದಿ ಸ್ಲೀವ್ ಕೂಡ ಹಾಕಿ. ಅವಸರದ ಕೆಲಸ ಅಲ್ಲ, ತಿಳಿದೇ ಮಾಡಿದ್ದು.

ಯಾಕೆ ಮಾಡಿದರು ಎನ್ನುವುದೂ ಬೋರ್ಡಿನಲ್ಲೇ ಇತ್ತು. ಬಯಸ್ ಟ್ರಾನ್ಸಿಸ್ಟರ್ ಹೀಟ್‌ಸಿಂಕ್‌ಗೆ ಅಂಟಿಕೊಂಡಿರಬೇಕಾದದ್ದು ಬೋರ್ಡಿನ ಇನ್ನೊಂದು ಮೂಲೆಯಲ್ಲಿ, ಫ್ಯೂಸ್ ಪಕ್ಕ ತಂಪಾಗಿ ಕೂತಿದೆ. ಟ್ರಾನ್ಸಿಸ್ಟರ್‌ನ ಬೇಸ್-ಎಮಿಟರ್ ವೋಲ್ಟೇಜ್ ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು 2 ಮಿಲಿವೋಲ್ಟ್ ಇಳಿಯುತ್ತದೆ. ಹೀಟ್‌ಸಿಂಕ್ 30 ಡಿಗ್ರಿ ಏರಿತೆಂದರೆ ಒಂದೊಂದು ಔಟ್‌ಪುಟ್ ಜಂಕ್ಷನ್‌ನಲ್ಲಿ 60 ಮಿಲಿವೋಲ್ಟ್ ಕಡಿಮೆ. ಎಮಿಟರ್ ರೆಸಿಸ್ಟರ್ ಮೇಲೆ ನಾವು ಇಡುವ ಬಯಸ್ಸೇ ಹತ್ತಿಪ್ಪತ್ತು ಮಿಲಿವೋಲ್ಟ್. ಕರೆಂಟ್ ಏರುತ್ತದೆ, ಬಿಸಿ ಏರುತ್ತದೆ, ಬಿಸಿ ಏರಿದ್ದಕ್ಕೆ ಮತ್ತೆ ಕರೆಂಟ್ ಏರುತ್ತದೆ. ನಮ್ಮ ಕಡೆ ಮೇ ತಿಂಗಳಲ್ಲಿ ನೆರಳಲ್ಲೇ 42, 43 ಡಿಗ್ರಿ. ತಗಡಿನ ಶೆಡ್ಡಿನೊಳಗೆ ಕೇಳುವುದೇ ಬೇಡ. ಔಟ್‌ಪುಟ್ ಟ್ರಾನ್ಸಿಸ್ಟರ್ ಪದೇ ಪದೇ ಸುಟ್ಟಿರಬೇಕು. ಕೊನೆಗೆ ಯಾರೋ ಬೇಸತ್ತು ಬಯಸ್ಸನ್ನೇ ಶಾರ್ಟ್ ಮಾಡಿದ್ದಾರೆ. ಆಂಪ್ ತಣ್ಣಗಾಯಿತು, ಸುಡುವುದು ನಿಂತಿತು, ಗಿರಾಕಿ ಖುಷಿ. ಜೋರು ಹಚ್ಚಿ ಕೇಳಿಸಿ ಕಳಿಸಿದರೆ ಯಾರಿಗೂ ಗೊತ್ತಾಗುವುದಿಲ್ಲ. ಬೇಸಿಗೆಯಲ್ಲಿ ಕೆಲಸ ನಡೆಸಬೇಕಾದವನ ಉಪಾಯ ಅದು, ನಾನು ಪೂರ್ತಿ ಬೈಯಲಾರೆ.

ಔಟ್‌ಪುಟ್‌ನ ಒಂದು ಪಾಲನ್ನು ಇನ್‌ಪುಟ್‌ಗೆ ಉಲ್ಟಾ ಕೊಡುವ ನೆಗೆಟಿವ್ ಫೀಡ್‌ಬ್ಯಾಕ್ ಇದನ್ನೆಲ್ಲ ತಿದ್ದಬೇಕಲ್ಲವೇ? 1927ರಲ್ಲಿ ಬೆಲ್ ಲ್ಯಾಬ್ಸ್‌ನ ಹೆರಾಲ್ಡ್ ಬ್ಲ್ಯಾಕ್ ಅದನ್ನು ಕಂಡುಹಿಡಿದದ್ದೇ ಟೆಲಿಫೋನ್ ಲೈನಿನ ಆಂಪ್ಲಿಫೈಯರ್‌ಗಳ ಡಿಸ್ಟಾರ್ಷನ್ ಇಳಿಸಲು. ಈ ಬೋರ್ಡಿನಲ್ಲೂ ಫೀಡ್‌ಬ್ಯಾಕ್ ಇದೆ. ಆದರೆ ಫೀಡ್‌ಬ್ಯಾಕ್ ತಿದ್ದುವುದು ಗೇನ್ (ವರ್ಧನೆ) ಇದ್ದಾಗ. ಸೊನ್ನೆ ಹತ್ತಿರ ಎರಡೂ ಟ್ರಾನ್ಸಿಸ್ಟರ್ ಮಲಗಿರುವಾಗ ಲೂಪ್‌ನಲ್ಲಿ ಗೇನೇ ಇಲ್ಲ, ಯಾವುದರಿಂದ ತಿದ್ದಬೇಕು? ಹಿಂದಿನ ಹಂತ ಆ ಕಂದಕವನ್ನು ಒಂದೇ ನೆಗೆತಕ್ಕೆ ಹಾರಲು ನೋಡುತ್ತದೆ, ಹಾರಲು ಹಿಡಿದ ಆ ಹೊತ್ತೇ ನಾವು ಕಂಡ ಮುಳ್ಳು. ಅದಕ್ಕೇ ಮೊದಲು ಬಯಸ್ ಸರಿ ಇರಬೇಕು, ಫೀಡ್‌ಬ್ಯಾಕ್ ಆಮೇಲೆ.

ಹಳದಿ ತಂತಿ ಕಿತ್ತೆ. ಹೀಟ್‌ಸಿಂಕ್‌ನಲ್ಲಿ ಎರಡು ಔಟ್‌ಪುಟ್‌ಗಳ ನಡುವೆ ತೂತು ಕೊರೆದು, ಮೈಕಾ ತುಂಡು, ಥರ್ಮಲ್ ಪೇಸ್ಟ್ ಹಾಕಿ ಹೊಸ ಬಿಡಿ139 ಬಿಗಿದೆ, ಮೂರು ತಂತಿ ಬೋರ್ಡಿಗೆ ಎಳೆದೆ. ಪ್ರೀಸೆಟ್‌ನ ಜಾಗವನ್ನೂ ಬದಲಿಸಿದೆ. ಹಳೆಯ ಬೋರ್ಡಿನಲ್ಲಿ ಅದು ಕಲೆಕ್ಟರ್-ಬೇಸ್ ನಡುವೆ ಇತ್ತು. ಧೂಳು ತುಂಬಿ ಅದರ ನಡುಗಾಲು ಬಿಟ್ಟುಕೊಂಡರೆ ಬಯಸ್ ಪೂರ್ತಿ ಮೇಲಕ್ಕೆ ಹಾರಿ ಔಟ್‌ಪುಟ್ ಜೋಡಿ ಹೋಗುತ್ತದೆ. ಬೇಸ್-ಎಮಿಟರ್ ನಡುವೆ ಇದ್ದರೆ, ಬಿಟ್ಟುಕೊಂಡಾಗ ಬಯಸ್ ಕೆಳಕ್ಕೆ ಬೀಳುತ್ತದೆ. ದನಿ ಒಡೆದೀತು, ಆಂಪ್ ಉಳಿದೀತು. ಹಲವು ಸುತ್ತಿನ ಪ್ರೀಸೆಟ್ ಮತ್ತು ನಂಬಿಕೆಯ 3055 ಇಲ್ಲಿ ಕಲಬುರಗಿಯ ಸೂಪರ್ ಮಾರ್ಕೆಟ್ ಪೇಟೆಯ ಕಡೆ ಸಿಗದಿದ್ದರೆ ಹೈದರಾಬಾದಿನ ಕೋಠಿಗೆ ಹೋಗುವವರ ಕೈಯಲ್ಲಿ ಗುಜರಾತಿ ಗಲ್ಲಿಯಿಂದ ತರಿಸುವುದು ನನ್ನ ರೂಢಿ. ಈ ಸಲ ಹಳೆಯ 3055 ಗಟ್ಟಿಯಾಗೇ ಇತ್ತು.

ಮೊದಲ ಸ್ವಿಚ್ ಸೀರೀಸ್ ಬಲ್ಬ್ ಮೂಲಕ. 60 ವ್ಯಾಟ್‌ನ ಬಲ್ಬ್ ಒಮ್ಮೆ ಮಿಂಚಿ ಮಬ್ಬಾಯಿತು, ಅಂದರೆ ಎಲ್ಲೂ ಶಾರ್ಟ್ ಇಲ್ಲ. ಆಮೇಲೆ ಬಲ್ಬ್ ತೆಗೆದು ನೇರ ಕರೆಂಟ್ ಕೊಟ್ಟು, ಎರಡು ಎಮಿಟರ್‌ಗಳ ನಡುವೆ ಮೀಟರ್ ಇಟ್ಟು ಪ್ರೀಸೆಟ್ ನಿಧಾನಕ್ಕೆ ಏರಿಸಿದೆ. ಪುಸ್ತಕದ ಲೆಕ್ಕದಲ್ಲಿ ಇಂಥ ಎಮಿಟರ್ ಫಾಲೋವರ್ ಜೋಡಿಗೆ ಒಂದೊಂದು ರೆಸಿಸ್ಟರ್ ಮೇಲೆ 26 ಮಿಲಿವೋಲ್ಟ್ ಹತ್ತಿರ ಇದ್ದರೆ ಡಿಸ್ಟಾರ್ಷನ್ ಅತಿ ಕಡಿಮೆ. ನಾನು ಎರಡೂ ಸೇರಿ 30ಕ್ಕೆ, ಅಂದರೆ ತಲಾ 15ಕ್ಕೆ ನಿಲ್ಲಿಸಿದೆ. 45 ಮಿಲಿಆಂಪ್. ಬೆಂಗಳೂರಿನ ಹವೆಯಾಗಿದ್ದರೆ ಇನ್ನಷ್ಟು ಏರಿಸುತ್ತಿದ್ದೆನೇನೋ.

ಮತ್ತೆ ಅಳತೆ. 10 ವ್ಯಾಟ್‌ನಲ್ಲಿ ಶೇ. 0.08, 1 ವ್ಯಾಟ್‌ನಲ್ಲಿ 0.07, 0.1 ವ್ಯಾಟ್‌ನಲ್ಲಿ 0.09. ಮೂರೂ ಕಡೆ ಹೆಚ್ಚುಕಡಿಮೆ ಸಮ, ನನಗೆ ಅಂಕಿ ಸಣ್ಣದಾದದ್ದಕ್ಕಿಂತ ಈ ಸಮ ಆದದ್ದು ಹೆಚ್ಚು ಸಮಾಧಾನ. ಸ್ಪೆಕ್ಟ್ರಮ್‌ನಲ್ಲಿ ಎರಡನೆಯದು 66 ಡಿಬಿ, ಮೂರನೆಯದು 67 ಡಿಬಿ ಕೆಳಗೆ. ಐದರಿಂದ ಮುಂದಿನವು 85ಕ್ಕೂ ಕೆಳಗಿಳಿದಿವೆ. ಸ್ಕೋಪ್‌ನ ಉಳಿಕೆ ಗೆರೆಯಲ್ಲಿ ಮುಳ್ಳಿನ ಬದಲು ಮೆತ್ತನೆಯ ಅಲೆ, ಮೇಲೆ ನಾಯ್ಸ್‌ನ ತುಪ್ಪಳ.

ಕ್ಲಿಪ್ಪಿಂಗ್, ಅಂದರೆ ಸಪ್ಲೈ ಸಾಲದೆ ಅಲೆಯ ತಲೆ ಕತ್ತರಿಸಿದಂತಾಗುವುದು, ಎಲ್ಲಿ ಶುರು ಎಂದೂ ನೋಡಿದೆ. ಮಧ್ಯಾಹ್ನ 230 ವೋಲ್ಟ್ ಇದ್ದಾಗ 12 ವೋಲ್ಟ್ ಆರ್‌ಎಂಎಸ್ (ಪವರ್ ಲೆಕ್ಕಕ್ಕೆ ಹಿಡಿಯುವ ಸರಾಸರಿ ವೋಲ್ಟೇಜ್), ಅಂದರೆ 8 ಓಮ್‌ಗೆ 18 ವ್ಯಾಟ್. ಅಲ್ಲಿಯವರೆಗೆ ಮಲಗಿದ್ದ ಟಿಎಚ್‌ಡಿ ಅಲ್ಲಿಂದ ಗೋಡೆ ಹತ್ತಿದಂತೆ ಶೇ. 1, 5, 10. ಸಂಜೆ ವೋಲ್ಟೇಜ್ 195ಕ್ಕೆ ಬಿದ್ದಾಗ ಅದೇ ಗೋಡೆ 13 ವ್ಯಾಟ್‌ಗೇ ಎದುರಾಯಿತು, ಸಪ್ಲೈ ಶೇ. 15 ಇಳಿದರೆ ಪವರ್ ಅದರ ವರ್ಗದಂತೆ ಶೇ. 28 ಇಳಿಯುತ್ತದೆ. ಭಜನಿ ನಡೆಯುವುದು ಸಂಜೆಯೇ. ಡಬ್ಬಿಯ ಮೇಲಿನ 160 ವ್ಯಾಟ್ ಎಲ್ಲಿಂದ ಬಂತು ಎಂದು ಕಾಕಾ ಕೇಳಿದರು. ಪ್ರಿಂಟಿಂಗ್ ಪ್ರೆಸ್‌ನಿಂದ ಎಂದೆ.

ಬಿಸಿಯ ಪರೀಕ್ಷೆ ಬಾಕಿ ಇತ್ತು. ಡಮ್ಮಿ ಲೋಡ್‌ಗೆ ಅರ್ಧ ಪವರ್ ಕೊಟ್ಟು ಹೀಟ್‌ಸಿಂಕ್ ಕೈ ಹಿಡಿಯಲಾರದಷ್ಟು ಕಾಯಲು ಬಿಟ್ಟು, ಸಿಗ್ನಲ್ ತೆಗೆದ ಕೂಡಲೇ ಮೀಟರ್ ನೋಡಿದೆ: 30 ಇದ್ದದ್ದು 37. ತಣ್ಣಗಾಗುತ್ತ ಮತ್ತೆ 30ಕ್ಕೆ ಬಂತು. ಓಡಿಹೋಗುತ್ತಿಲ್ಲ, ಸಾಕು. ಮುಂದೆ ಬಿಚ್ಚುವವರಿಗೆ ಮುಚ್ಚಳದ ಒಳಗೆ ಚೀಟಿ ಅಂಟಿಸಿದ್ದೇನೆ: ಎಮಿಟರ್‌ನಿಂದ ಎಮಿಟರ್‌ಗೆ 30 ಮಿಲಿವೋಲ್ಟ್, ಬಯಸ್ ಟ್ರಾನ್ಸಿಸ್ಟರ್ ಹೀಟ್‌ಸಿಂಕ್ ಬಿಟ್ಟು ಕದಲಬಾರದು.

ಇನ್ನು ಮೇಲಿನ ಕಂಪನಗಳ ಮಾತು. 10,000 ಹರ್ಟ್ಸ್ ಕೊಟ್ಟು ಟಿಎಚ್‌ಡಿ ಓದಿದರೆ ಅಂಕಿ ಬಹಳ ಚೆಂದ ಬರುತ್ತದೆ, ಆದರೆ ಅದು ಸುಳ್ಳು. 48,000 ಸ್ಯಾಂಪ್ಲಿಂಗ್‌ನ ಕಾರ್ಡ್ 24,000ದ ಆಚೆ ಕುರುಡು. 20,000ದ ಎರಡನೆಯ ಹಾರ್ಮೋನಿಕ್ ಒಂದೇ ಅದಕ್ಕೆ ಕಾಣುವುದು, ಕ್ರಾಸ್‌ಓವರ್ ತರುವ ಬೆಸದವೆಲ್ಲ ಹೊರಗೆ. ಅದಕ್ಕೆ ಎರಡು ಟೋನ್‌ನ ಪರೀಕ್ಷೆ ಬೇಕು: 19,000 ಮತ್ತು 20,000 ಒಟ್ಟಿಗೆ ಕೊಟ್ಟು, ಆಂಪ್ ಹೊಸದಾಗಿ ಏನು ಹುಟ್ಟಿಸಿತು ನೋಡುವುದು. ಎರಡೂ ಅರ್ಧ ಅಸಮ ಇದ್ದರೆ 1000ದಲ್ಲಿ ಗೆರೆ ಏಳುತ್ತದೆ, ಬೆಸದ ದೋಷ ಇದ್ದರೆ 18,000 ಮತ್ತು 21,000ದಲ್ಲಿ. ಎಲ್ಲವೂ ಕಾರ್ಡ್‌ನ ಕಣ್ಣಳತೆಯೊಳಗೇ. ಇಲ್ಲಿ 18,000ದ ಗೆರೆ 54 ಡಿಬಿ ಕೆಳಗೆ ನಿಂತಿತ್ತು, 1000 ಹರ್ಟ್ಸ್‌ನ ಫಲಿತಾಂಶ ನೋಡಿದ ಮೇಲೆ ಇದು ಒಳ್ಳೆಯದಲ್ಲ.

ಕಾರಣ 3055 ನಿಧಾನಿ. ಬೇಸ್‌ನಲ್ಲಿ ತುಂಬಿದ ಚಾರ್ಜ್ ಬೇಗ ಖಾಲಿಯಾಗುವುದಿಲ್ಲ, ತನ್ನ ಸರದಿ ಮುಗಿದ ಮೇಲೂ ಬಾಗಿಲಲ್ಲೇ ನಿಂತಿರುತ್ತದೆ. ಈ ಬೋರ್ಡಿನಲ್ಲಿ ಡ್ರೈವರ್‌ಗಳ ಎಮಿಟರ್‌ನಿಂದ ಔಟ್‌ಪುಟ್ ಲೈನಿಗೆ ತಲಾ ಒಂದು ರೆಸಿಸ್ಟರ್ ಇತ್ತು. ಎರಡನ್ನೂ ಕಿತ್ತು, ಎರಡು ಡ್ರೈವರ್‌ಗಳ ಎಮಿಟರ್ ನಡುವೆ 100 ಓಮ್‌ನ ಒಂದೇ ರೆಸಿಸ್ಟರ್, ಅದರ ಬೆನ್ನಿಗೆ 1 ಮೈಕ್ರೊಫ್ಯಾರಡ್ ಪಾಲಿಯೆಸ್ಟರ್ ಹಾಕಿದೆ. ಈಗ ಒಂದು ಡ್ರೈವರ್ ಏಳುವಾಗ ಎದುರಿನ ಔಟ್‌ಪುಟ್‌ನ ಬೇಸನ್ನು ಉಲ್ಟಾ ಎಳೆದು ಚಾರ್ಜ್ ಹೊರಹಾಕುತ್ತದೆ. ಬಯಸ್ ಮತ್ತೊಮ್ಮೆ 30ಕ್ಕೆ ತಂದು ಅಳೆದಾಗ 18,000ದ ಗೆರೆ 63 ಡಿಬಿ ಕೆಳಗೆ ಹೋಗಿತ್ತು. ಅದರಾಚೆಗೆ ಈ ಟ್ರಾನ್ಸಿಸ್ಟರ್‌ಗಳನ್ನು ಹಿಂಡಲು ಹೋಗಲಿಲ್ಲ. ಮಂಡಳಿಯ ಕಾಲಂ ಸ್ಪೀಕರ್ 10,000 ಹರ್ಟ್ಸ್‌ನ ಆಚೆ ಬಾಯಿ ಬಿಡುವುದೂ ಅಷ್ಟಕ್ಕಷ್ಟೇ.